10 ಮೆಗಾಹರ್ಟ್ಸ್ ಲಾಕ್ ಆಗಿದೆ, 1ಪಿಪಿಎಸ್ ಮಾತ್ರ ಬಂದು ಹೋಗುತ್ತಿದೆ: ಸ್ವಿಚ್‌ಗೆ ಹೊರಗಿನ ಗಡಿಯಾರ ಜೋಡಿಸಿದವರು ಯಾರಾದರೂ ಇದ್ದೀರಾ?

ಗಂಟೆಮುಳ್ಳು

ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ಉಪಗ್ರಹ ಸಮಯದ ರಿಸೀವರ್‌ನಿಂದ ಮೂರು ಕೇಬಲ್‌ಗಳು ನಮ್ಮ ನೆಟ್‌ವರ್ಕ್ ಸ್ವಿಚ್‌ನ ಮುಂಭಾಗಕ್ಕೆ ಬರುತ್ತವೆ. 10 ಮೆಗಾಹರ್ಟ್ಸ್‌ಗೆ ಒಂದು ಕೋಆಕ್ಸಿಯಲ್ ಕೇಬಲ್, 1ಪಿಪಿಎಸ್‌ಗೆ (ಸೆಕೆಂಡ್‌ಗೆ ಒಂದು ಪಲ್ಸ್) ಅಂಥದ್ದೇ ಇನ್ನೊಂದು, ದಿನಾಂಕ ಮತ್ತು ಸಮಯ ಹೇಳುವ ಟಿಒಡಿ ಸಂದೇಶಕ್ಕೆ ಒಂದು ಆರ್‌ಜೆ-45. ಸ್ವಿಚ್ ಪಿಟಿಪಿ (ನೆಟ್‌ವರ್ಕ್‌ನಲ್ಲೇ ನಿಖರ ಸಮಯ ಹಂಚುವ ವಿಧಾನ) ಗ್ರ್ಯಾಂಡ್‌ಮಾಸ್ಟರ್, ಅಂದರೆ ಮೂಲ ಗಡಿಯಾರ ಆಗಿ ಕೆಳಗಿನ ರೇಡಿಯೋ ಘಟಕಗಳಿಗೆ ಸಮಯ ಹಂಚಬೇಕು.

ಆವರ್ತನ ಯಾವಾಗ ನೋಡಿದರೂ ‘ಲಾಕ್’. ಫೇಸ್ (ಸೆಕೆಂಡ್ ಶುರುವಾಗುವ ಕ್ಷಣದ ಹೊಂದಾಣಿಕೆ) ಮಾತ್ರ ಗಂಟೆಗೆ ಎರಡು ಮೂರು ಸಲ ‘ಹೋಲ್ಡ್‌ಓವರ್’ಗೆ, ಅಂದರೆ ಆಕರ ತಪ್ಪಿ ನೆನಪಿನ ಮೇಲೆ ನಡೆಯುವ ಸ್ಥಿತಿಗೆ ಜಾರುತ್ತದೆ, ಕೆಲವು ನಿಮಿಷಗಳಲ್ಲಿ ತಾನೇ ಮರಳುತ್ತದೆ. ದೀಪ ಹಸಿರು, ಹಳದಿ, ಮತ್ತೆ ಹಸಿರು. 1ಪಿಪಿಎಸ್ ಕೇಬಲ್ ಬದಲಿಸಿ ನೋಡಿದೆ. ಸ್ವಿಚ್ ಮರುಪ್ರಾರಂಭಿಸಿದೆ. ರಿಸೀವರ್ ಕಡೆ ಉಪಗ್ರಹಗಳು ಚೆನ್ನಾಗಿ ಕಾಣುತ್ತಿವೆ, ಅಲ್ಲಿ ಯಾವ ದೂರೂ ಇಲ್ಲ. ಕೆಳಗಿನ ರೇಡಿಯೋಗಳೂ ಇದುವರೆಗೆ ಗೊಣಗಿಲ್ಲ, ಅದೇ ಇನ್ನಷ್ಟು ವಿಚಿತ್ರ. ಎಲ್ಲಿಂದ ಹುಡುಕಲಿ?

ಹೊಸಬ

ಇಷ್ಟೆಲ್ಲ ಕೇಬಲ್ ಏಕೆ? ನೆಟ್‌ವರ್ಕ್‌ನಲ್ಲಿ ಸಮಯ ಹೇಳುವ ಎನ್‌ಟಿಪಿ ಸರ್ವರ್‌ನ ವಿಳಾಸ ಕೊಟ್ಟರೆ ಸ್ವಿಚ್ ತಾನೇ ಸಮಯ ತೆಗೆದುಕೊಳ್ಳುವುದಿಲ್ಲವೇ? ನಮ್ಮ ಸ್ವಿಚ್‌ಗಳೆಲ್ಲ ಹಾಗೆಯೇ ನಡೆಯುತ್ತಿವೆ.

ನ್ಯಾನೋ

ಲಾಗ್‌ಗಳಲ್ಲಿ ಗಂಟೆ ನಿಮಿಷ ಸರಿಯಾಗಿ ಬೀಳಬೇಕೆಂದರೆ ಎನ್‌ಟಿಪಿ ಧಾರಾಳವಾಗಿ ಸಾಕು. ಅದು ಮಿಲಿಸೆಕೆಂಡ್‌ಗಳ ಲೋಕ. ಟಿಡಿಡಿ ರೇಡಿಯೋಗಳು ಒಂದೇ ಆವರ್ತನದಲ್ಲಿ ಸರದಿಯಂತೆ ಮಾತನಾಡುತ್ತವೆ, ಕೇಳುತ್ತವೆ. ಒಬ್ಬರ ಸರದಿಯ ಮೇಲೆ ಇನ್ನೊಬ್ಬರು ಬೀಳದಿರಲು ಎಲ್ಲವೂ ಸಾಮಾನ್ಯ ಸಮಯದಿಂದ ±1.5 ಮೈಕ್ರೋಸೆಕೆಂಡ್ ಒಳಗೆ ಇರಬೇಕು. ಅದಕ್ಕೇ ಪಿಟಿಪಿಯ ಮಾನದಂಡ ಐಇಇಇ 1588, ಅದಕ್ಕೇ ಈ ಮೂರು ಕೇಬಲ್.

ಮೂರರ ಕೆಲಸ ಬೇರೆ ಬೇರೆ ಎನ್ನುವುದನ್ನು ಮೊದಲು ಬಿಡಿಸಿಕೊಳ್ಳಿ. 10 ಮೆಗಾಹರ್ಟ್ಸ್ ಹೇಳುವುದು ಎಷ್ಟು ವೇಗದಲ್ಲಿ ಹೆಜ್ಜೆ ಹಾಕಬೇಕು ಎಂದು. 1ಪಿಪಿಎಸ್ ಹೇಳುವುದು ಸೆಕೆಂಡ್ ಯಾವ ಕ್ಷಣದಲ್ಲಿ ಶುರುವಾಗುತ್ತದೆ ಎಂದು. ಆ ಸೆಕೆಂಡ್‌ನ ಹೆಸರೇನು, ಯಾವ ದಿನ, ಎಷ್ಟು ಗಂಟೆ ಎನ್ನುವುದನ್ನು ಟಿಒಡಿ ಹೇಳುತ್ತದೆ. ಒಂದು ಸರಿಯಿದ್ದ ಮಾತ್ರಕ್ಕೆ ಉಳಿದೆರಡು ಸರಿ ಎಂದಲ್ಲ.

ತಾಮ್ರತಂತಿ

ಗಂಟೆಮುಳ್ಳು ಅವರೇ, ನಾಲ್ಕು ಪ್ರಶ್ನೆಗಳು. ಉತ್ತರ ಬಂದ ಮೇಲೆ ಮಾತನಾಡೋಣ. 1ಪಿಪಿಎಸ್ ಪೋರ್ಟ್ ಒಳಮುಖಕ್ಕೆ ಹೊಂದಿಸಿದ್ದೀರಾ? ಅನೇಕ ಸ್ವಿಚ್‌ಗಳಲ್ಲಿ ಅದೇ ಕನೆಕ್ಟರ್ ಇನ್‌ಪುಟ್ ಕೂಡ ಹೌದು, ಔಟ್‌ಪುಟ್ ಕೂಡ ಹೌದು, ಯಾವುದು ಎನ್ನುವುದು ಕಾನ್ಫಿಗರೇಷನ್‌ನಲ್ಲಿ ಮಾತ್ರ ಗೊತ್ತಾಗುತ್ತದೆ. ಕೇಬಲ್ ಎಷ್ಟು ಉದ್ದ? 50 ಓಮ್‌ನದ್ದೇ? ಮತ್ತು ರಿಸೀವರ್‌ನಿಂದ ಸ್ವಿಚ್‌ವರೆಗೆ ನಡುವೆ ಏನೇನಿದೆ?

ಕೀಲಿಕೈ

ಟಿಒಡಿ ಕೇಬಲ್ ನೋಡಿ. ನೂರಕ್ಕೆ ತೊಂಬತ್ತು ಸಲ ಅದೇ.

ತಾಮ್ರತಂತಿ

ಕೀಲಿಕೈ, ಟಿಒಡಿ ಹೋದರೆ ಗಂಟೆಗೆ ಮೂರು ಸಲ ಹೋಗಿ ಬರುವುದಿಲ್ಲ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದು ಹೋಗುವ ಕಾಯಿಲೆ ವೋಲ್ಟೇಜ್‌ನದು ಅಥವಾ ಸಡಿಲ ಕನೆಕ್ಟರ್‌ನದು.

ಗಂಟೆಮುಳ್ಳು

ಪೋರ್ಟ್ ಇನ್‌ಪುಟ್ ಆಗಿಯೇ ಇದೆ. ಕೇಬಲ್ 30 ಮೀಟರ್, 50 ಓಮ್‌ನದ್ದೇ, ಮೇಲೆ ಅಚ್ಚಾಗಿದೆ. ನಡುವೆ ಏನೂ ಇಲ್ಲ. ಕಳೆದ ವಾರ ಎರಡನೆಯ ಸ್ವಿಚ್ ಬಂದಿತು, ಅದಕ್ಕೂ ಬೇಕಾಗಿತ್ತು ಎಂದು ರಿಸೀವರ್‌ನ ಹಿಂದೆ ಒಂದನ್ನು ಎರಡಾಗಿ ಕವಲೊಡೆಯುವ ಒಂದು ಬಿಎನ್‌ಸಿ ಟಿ ಕನೆಕ್ಟರ್ ಹಾಕಿದ್ದೇನೆ, ಅಷ್ಟೇ. 10 ಮೆಗಾಹರ್ಟ್ಸ್‌ಗೂ ಹಾಗೆಯೇ. ರಿಸೀವರ್‌ನಲ್ಲಿ ಇವೆರಡಕ್ಕೂ ಒಂದೊಂದೇ ಔಟ್‌ಪುಟ್ ಇರುವುದು. ಟಿಒಡಿಗೆ ಮಾತ್ರ ಎರಡು ಪೋರ್ಟ್ ಇವೆ.

ತಾಮ್ರತಂತಿ

‘ಅಷ್ಟೇ’!

ಮೊದಲ ಸಾಲಿನಲ್ಲೇ ಬರೆಯಬೇಕಾಗಿದ್ದುದನ್ನು ನೀವು ಬಾಲಕ್ಕೆ ಕಟ್ಟಿದ್ದೀರಿ. ಲೆಕ್ಕ ಮಾಡೋಣ. ರಿಸೀವರ್‌ನ ಪಲ್ಸ್ ತೆರೆದ ಸ್ಥಿತಿಯಲ್ಲಿ 5 ವೋಲ್ಟ್ ಎಂದುಕೊಳ್ಳಿ, ಅದರ ಒಳಗಿನ ರೋಧ 50 ಓಮ್. ಒಂದು ಸ್ವಿಚ್ ಜೋಡಿಸಿದಿರಿ, ಅದರ ಇನ್‌ಪುಟ್ ಕೂಡ 50 ಓಮ್. ಅರ್ಧ ಒಳಗೆ ಬಿದ್ದು, ಸ್ವಿಚ್‌ಗೆ 2.5 ವೋಲ್ಟ್ ಸಿಗುತ್ತದೆ. ಟಿಟಿಎಲ್ ಎಂಬ ಡಿಜಿಟಲ್ ಸಂಕೇತದ ಮಟ್ಟದಲ್ಲಿ 2 ವೋಲ್ಟ್ ದಾಟಿದರೆ ‘ಮೇಲೆ’ ಎಂದು ಲೆಕ್ಕ, ಹಾಗಾಗಿ ಸುಖವಾಗಿ ನಡೆಯುತ್ತದೆ. ಈಗ ಟಿ ಹಾಕಿ ಎರಡನೆಯ ಸ್ವಿಚ್ ಸೇರಿಸಿದಿರಿ. ಎರಡು 50 ಓಮ್ ಸಮಾಂತರವಾಗಿ ಸೇರಿ 25 ಓಮ್ ಆಯಿತು. 5 ವೋಲ್ಟ್‌ನ ಮೂರನೇ ಒಂದು ಭಾಗ, ಅಂದರೆ 1.67 ವೋಲ್ಟ್ ಮಾತ್ರ ಉಳಿಯುತ್ತದೆ. 2 ವೋಲ್ಟ್‌ಗಿಂತ ಕಡಿಮೆ. ನಿಜವಾದ ಸರ್ಕ್ಯೂಟ್ ಸರಿಯಾಗಿ 2ಕ್ಕೇ ಗೆರೆ ಎಳೆಯುವುದಿಲ್ಲ, ಸ್ವಲ್ಪ ಕೆಳಗೂ ಒಪ್ಪಿಕೊಳ್ಳುತ್ತದೆ. ಆ ಗೆರೆಯ ಅಕ್ಕಪಕ್ಕ ನಿಮ್ಮ ಪಲ್ಸ್ ತೂಗಾಡುತ್ತಿದೆ. ಕೆಲವು ಸೆಕೆಂಡ್‌ಗಳು ಕಾಣುತ್ತವೆ, ಕೆಲವು ತಪ್ಪಿಹೋಗುತ್ತವೆ. ಸತತವಾಗಿ ಹಲವು ತಪ್ಪಿದಾಗ ಸ್ವಿಚ್ ಕೈ ಚೆಲ್ಲಿ ಹೋಲ್ಡ್‌ಓವರ್‌ಗೆ ಹೋಗುತ್ತದೆ.

10 ಮೆಗಾಹರ್ಟ್ಸ್ ಏಕೆ ಬಿದ್ದಿಲ್ಲ? ಅಲ್ಲಿಯೂ ಇಳಿಕೆ ಅಷ್ಟೇ, ಸುಮಾರು 3.5 ಡೆಸಿಬೆಲ್. ಆದರೆ ಅದು ಸೈನ್ ಅಲೆ. ಗೆರೆ ದಾಟುವ ಕ್ಷಣಗಳನ್ನಷ್ಟೇ ಎಣಿಸುವ ಇನ್‌ಪುಟ್‌ಗೆ ಅಲೆ ತಗ್ಗಿದರೂ ಎಣಿಕೆ ತಪ್ಪುವುದಿಲ್ಲ. ಅದಕ್ಕೇ ನಿಮಗೆ ಆವರ್ತನ ಲಾಕ್, ಫೇಸ್ ಪರದಾಟ.

ನ್ಯಾನೋ

ರೇಡಿಯೋಗಳು ಗೊಣಗದಿದ್ದುದರ ಕಾರಣವೂ ಇದರಲ್ಲೇ ಇದೆ. ಫೇಸ್ ಆಕರ ಹೋದರೂ 10 ಮೆಗಾಹರ್ಟ್ಸ್ ಕೈ ಹಿಡಿದುಕೊಂಡೇ ಇತ್ತು. ಅದಿಲ್ಲದೆ ಸ್ವಿಚ್‌ನ ಒಳಗಿನ ಹರಳಿನ ಮೇಲೆಯೇ ನಿಂತಿದ್ದರೆ ಕಥೆ ಬೇರೆ. ಆವರ್ತನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ತಪ್ಪಿದರೂ ಸೆಕೆಂಡ್‌ಗೆ 1 ನ್ಯಾನೋಸೆಕೆಂಡ್ ಜಾರುತ್ತದೆ. 1.5 ಮೈಕ್ರೋಸೆಕೆಂಡ್ ತೀರಲು 1500 ಸೆಕೆಂಡ್, ಅಂದರೆ 25 ನಿಮಿಷ ಸಾಕು. ಅದೂ ಪೂರ್ತಿ ಬಜೆಟ್ ನಿಮ್ಮೊಬ್ಬರದೇ ಎಂದುಕೊಂಡರೆ. ನಿಜದಲ್ಲಿ ನಡುವಿನ ಪ್ರತಿ ಸ್ವಿಚ್ಚೂ ಪ್ರತಿ ಫೈಬರೂ ಅದರಲ್ಲಿ ಪಾಲು ಕೇಳುತ್ತದೆ.

ಹೊಸಬ

ಹಾಗಿದ್ದರೆ ಟಿವಿ ಆ್ಯಂಟೆನಾಗೆ ಹಾಕುವಂತೆ ಒಂದು ಸ್ಪ್ಲಿಟರ್ ಹಾಕಿದರೆ?

ತಾಮ್ರತಂತಿ

ಬೇಡ. ಅಂಥ ಸ್ಪ್ಲಿಟರ್‌ಗಳು ಎತ್ತರದ ಆವರ್ತನಗಳಿಗೆ. ಸೆಕೆಂಡ್‌ಗೆ ಒಂದು ಸಲ ಏಳುವ ಚೌಕ ಪಲ್ಸ್ ಅದರೊಳಗೆ ಹೊಕ್ಕರೆ ಹೊರಗೆ ಬರುವುದು ಎರಡು ಮುಳ್ಳುಗಳಷ್ಟೇ, ಏರುವಾಗ ಒಂದು, ಇಳಿಯುವಾಗ ಒಂದು. ಆ್ಯಂಟೆನಾ ಕಡೆಗೆ ಸ್ಪ್ಲಿಟರ್ ಬೇಕು, ಅದು ಸರಿ. ಒಂದೇ ಆ್ಯಂಟೆನಾದಿಂದ ಎರಡು ರಿಸೀವರ್‌ಗೆ ಕೊಡುವಾಗ ಉಪಗ್ರಹ ಸಂಕೇತಕ್ಕೆಂದೇ ಮಾಡಿದ ಸ್ಪ್ಲಿಟರ್ ಹಾಕಬೇಕು. ಅಲ್ಲಿಯೂ ಒಂದು ಕೊಕ್ಕೆ: ಆ್ಯಂಟೆನಾದೊಳಗಿನ ಆ್ಯಂಪ್ಲಿಫೈಯರ್‌ಗೆ ರಿಸೀವರ್ ಅದೇ ಕೇಬಲ್‌ನಲ್ಲಿ ಡಿಸಿ ವಿದ್ಯುತ್ ಕಳಿಸುತ್ತದೆ, ಸಾಮಾನ್ಯವಾಗಿ 5 ವೋಲ್ಟ್. ಎರಡೂ ರಿಸೀವರ್‌ಗಳ ವಿದ್ಯುತ್ ಒಂದರ ಮೇಲೊಂದು ಬೀಳದಂತೆ ಸ್ಪ್ಲಿಟರ್‌ನ ಒಂದು ಕವಲು ಮಾತ್ರ ಡಿಸಿ ಬಿಡುತ್ತದೆ, ಇನ್ನೊಂದು ತಡೆಯುತ್ತದೆ.

ಹೇಳುತ್ತಿರುವಾಗಲೇ ನೆನಪಾಯಿತು. ಸ್ವಿಚ್‌ನ ಒಳಗೇ ಉಪಗ್ರಹ ರಿಸೀವರ್ ಇರುವ ಮಾದರಿಗಳಲ್ಲಿ ಆ್ಯಂಟೆನಾ ಪೋರ್ಟ್, 10 ಮೆಗಾಹರ್ಟ್ಸ್, 1ಪಿಪಿಎಸ್, ಮೂರೂ ಒಂದೇ ಥರದ ಪುಟ್ಟ ಕನೆಕ್ಟರ್‌ಗಳಾಗಿ ಒಂದರ ಪಕ್ಕ ಒಂದು ಕುಳಿತಿರಬಹುದು. ಕತ್ತಲಲ್ಲಿ ಕೈಯಿಂದ ತಡಕಿ ಸಿಕ್ಕಿಸುವವರು ದಯವಿಟ್ಟು ಟಾರ್ಚ್ ಹಿಡಿದುಕೊಳ್ಳಿ.

ಮೌನಿ

ಟಿ ಕನೆಕ್ಟರ್ ಸ್ವತಃ ಪಾಪಿಯಲ್ಲ. ಅಳತೆ ಉಪಕರಣಗಳಲ್ಲಿ ಇನ್‌ಪುಟ್ ರೋಧವನ್ನು ಹೆಚ್ಚಿಗೆ ಇಟ್ಟುಕೊಳ್ಳುವ ಅವಕಾಶವಿರುತ್ತದೆ. ಆಗ ಒಂದೇ ಕೇಬಲ್ ಒಂದರಿಂದ ಇನ್ನೊಂದಕ್ಕೆ ಹೋಗುತ್ತ, ಪ್ರತಿ ಉಪಕರಣದ ಮೂತಿಯಲ್ಲೇ ಒಂದು ಟಿ ಹಾಕಿ, ಕೊನೆಯಲ್ಲಿ ಮಾತ್ರ 50 ಓಮ್ ಮುಚ್ಚಳ ಹಾಕಬಹುದು. ನಮ್ಮ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹಾಗೆಯೇ ಇದೆ.

ತಾಮ್ರತಂತಿ

ಒಪ್ಪುತ್ತೇನೆ. ಆದರೆ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ 50 ಓಮ್ ಸಾಮಾನ್ಯವಾಗಿ ಒಳಗೇ ಬೆಸೆದುಬಿಟ್ಟಿರುತ್ತಾರೆ, ತೆಗೆಯುವ ಆಯ್ಕೆ ಇರುವುದಿಲ್ಲ. ಜೊತೆಗೆ ಇವರು ಟಿ ಹಾಕಿರುವುದು ಸ್ವಿಚ್‌ನ ಮೂತಿಯಲ್ಲಲ್ಲ, ರಿಸೀವರ್‌ನ ಹಿಂದೆ. ಅಲ್ಲಿಂದ ಎರಡು ಕೇಬಲ್‌ಗಳು ದಿಕ್ಕಿಗೊಂದು ಹೊರಟಿವೆ.

ಗಂಟೆಮುಳ್ಳು

ಆಸಿಲೋಸ್ಕೋಪ್ ಎರವಲು ತಂದು ಸ್ವಿಚ್‌ನ ತುದಿಯಲ್ಲಿ ನೋಡಿದೆ. ಟಿ ಇರುವಾಗ 1.6 ವೋಲ್ಟ್ ಆಸುಪಾಸು. ಎರಡನೆಯ ಕೇಬಲ್ ಕಿತ್ತೊಡನೆ 2.4 ದಾಟಿತು. ಕಳೆದ ನಾಲ್ಕು ಗಂಟೆಗಳಿಂದ ಮೊದಲ ಸ್ವಿಚ್ ಒಂದು ಸಲವೂ ಜಾರಿಲ್ಲ. ಮೂರು ದಿನ ನಾನು ಬದಲಿಸಿದ ಕೇಬಲ್‌ಗಳನ್ನು ನೆನೆದರೆ ನಾಚಿಕೆಯಾಗುತ್ತದೆ.

ಈಗ ಎರಡನೆಯ ಸ್ವಿಚ್‌ಗೆ ಏನು ಕೊಡಲಿ? ಪಲ್ಸ್ ಹಂಚುವ ಆ್ಯಂಪ್ಲಿಫೈಯರ್ ತರಿಸಲು ಹೇಳಿದ್ದೇನೆ, ಅದು ಬರುವುದು ಯಾವಾಗಲೋ.

ನ್ಯಾನೋ

ನಿಮ್ಮ ರಿಸೀವರ್‌ನಲ್ಲಿ ಟಿಒಡಿಗೆ ಎರಡು ಆರ್‌ಜೆ-45 ಇವೆ ಎಂದಿರಿ. ಕೈಪಿಡಿಯಲ್ಲಿ ಅದರ ಪಿನ್ ಪಟ್ಟಿ ನೋಡಿ. ದೂರಸಂಪರ್ಕದ ಮಾನದಂಡ ಸಂಸ್ಥೆ ಐಟಿಯು-ಟಿಯ ಜಿ.8271 ಹೇಳುವ ಜೋಡಣೆಯಾಗಿದ್ದರೆ 1ಪಿಪಿಎಸ್ ಕೂಡ ಅದೇ ಕೇಬಲ್‌ನಲ್ಲಿ 3 ಮತ್ತು 6ನೇ ಪಿನ್‌ಗಳಲ್ಲಿ ಬರುತ್ತಿರುತ್ತದೆ, 7 ಮತ್ತು 8ರಲ್ಲಿ ಸಮಯದ ಸಂದೇಶ, 4 ಮತ್ತು 5 ಗ್ರೌಂಡ್. ಇದು ಆರ್‌ಎಸ್-422 ಬಗೆಯ ಜೋಡಿತಂತಿ ಸಂಕೇತ, ಆದ್ದರಿಂದ ಟಿ ರಗಳೆಯೇ ಇಲ್ಲ. ಸ್ವಿಚ್‌ನಲ್ಲಿ 1ಪಿಪಿಎಸ್ ಆಕರವನ್ನು ಕೋಆಕ್ಸಿಯಲ್ ಬದಲು ಆರ್‌ಜೆ-45 ಎಂದು ಬದಲಿಸಿದರೆ ಸಾಕಾಗಬಹುದು.

10 ಮೆಗಾಹರ್ಟ್ಸ್ ಬಗ್ಗೆ ಹೇಳುವುದಾದರೆ, ಎರಡನೆಯ ಸ್ವಿಚ್‌ಗೆ ಅದು ಬೇಕೇಬೇಕು ಎಂದೇನಿಲ್ಲ. ಮೊದಲನೆಯದರಿಂದ, ಡೇಟಾ ಕೊಂಡಿಯಲ್ಲೇ ಆವರ್ತನ ಸಾಗಿಸುವ ಸಿಂಕ್ರನಸ್ ಈಥರ್ನೆಟ್ ಮೂಲಕ ಆವರ್ತನ ಪಡೆಯಲಿ.

ಕೀಲಿಕೈ

ಹಾಗೆ ಮಾಡಿದರೆ ಮೊದಲ ಸ್ವಿಚ್ ಸತ್ತ ದಿನ ಎರಡನೆಯದರ ಆವರ್ತನವೂ ಹೋಗುತ್ತದೆ. ಎರಡು ಸ್ವಿಚ್ ಇಡುವುದೇ ಒಂದು ಸತ್ತಾಗ ಇನ್ನೊಂದಿರಲಿ ಎಂದಲ್ಲವೇ?

ನ್ಯಾನೋ

ನ್ಯಾಯವಾದ ಮಾತು. ಆದರೆ 1ಪಿಪಿಎಸ್ ಸ್ವತಂತ್ರವಾಗಿ ಬರುತ್ತಿದ್ದರೆ ಅದರಿಂದಲೇ ಆವರ್ತನವನ್ನೂ ಹೊಂದಿಸಿಕೊಳ್ಳುವ ಸ್ವಿಚ್‌ಗಳಿವೆ. ಅದೂ ಅಲ್ಲದೆ ರಿಸೀವರ್ ಒಂದೇ ಇರುವಾಗ ಸ್ವಾತಂತ್ರ್ಯದ ಮಾತು ಅರ್ಧ ಸುಳ್ಳೇ.

ಇವರು ತಾಮ್ರದ ಪೋರ್ಟ್ ಬಳಸಿದರೆ ಒಂದು ಎಚ್ಚರಿಕೆ. 1000ಬೇಸ್-ಟಿಯಲ್ಲಿ ಎರಡು ತುದಿಗಳಲ್ಲಿ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಎಂದು ತಾವೇ ಮಾತಾಡಿಕೊಂಡು ನಿರ್ಧರಿಸುತ್ತವೆ. ಗಡಿಯಾರ ಹರಿಯುವುದು ಮಾಸ್ಟರ್‌ನಿಂದ ಸ್ಲೇವ್ ಕಡೆಗೆ ಮಾತ್ರ. ಉಲ್ಟಾ ನಿರ್ಧಾರವಾದರೆ ಡೇಟಾ ನಿರಾತಂಕವಾಗಿ ಓಡುತ್ತಿರುತ್ತದೆ, ಗಡಿಯಾರ ಮಾತ್ರ ಹಿಮ್ಮುಖ. ಆಕರದ ಕಡೆಯ ಪೋರ್ಟ್ ಅನ್ನು ಕೈಯಿಂದಲೇ ಮಾಸ್ಟರ್ ಮಾಡಿ. ಫೈಬರ್ ಆದರೆ ಈ ತಾಪತ್ರಯವಿಲ್ಲ.

ತಾಮ್ರತಂತಿ

ಆರ್‌ಜೆ-45 ಮಾತು ಬಂದದ್ದರಿಂದ ಹೊಸಬರಿಗಾಗಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಸ್ವಿಚ್‌ನ ಮುಖದಲ್ಲಿ ಅತಿ ಹೆಚ್ಚು ಮೋಸ ಮಾಡುವ ತೂತು ಅದೇ. ಒಂದೇ ಸ್ವಿಚ್‌ನಲ್ಲಿ ಡೇಟಾ ಪೋರ್ಟ್, ಮ್ಯಾನೇಜ್‌ಮೆಂಟ್ ಪೋರ್ಟ್, ಕನ್ಸೋಲ್, ಟಿಒಡಿ, ಬಿಐಟಿಎಸ್, ಕೆಲವೊಮ್ಮೆ ಅಲಾರ್ಮ್ ಕೂಡ ಅದೇ ಆಕಾರದಲ್ಲಿ ಇರುತ್ತವೆ. ಕನ್ಸೋಲ್ ಆರ್‌ಎಸ್-232, ಹೆಚ್ಚಾಗಿ 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಬಿಐಟಿಎಸ್ ಎಂದರೆ ದೂರಸಂಪರ್ಕದ ಕಟ್ಟಡಗಳಿಗೆ ಆವರ್ತನ ಹಂಚುವ ಗಡಿಯಾರದಿಂದ ಬರುವ 2.048 ಅಥವಾ 1.544 ಮೆಗಾಬಿಟ್ ಸಂಕೇತ. ಅದರಲ್ಲೂ ಇ1 ಜೋಡಿತಂತಿಯಾದರೆ 120 ಓಮ್, ಕೋಆಕ್ಸಿಯಲ್ ಆದರೆ 75 ಓಮ್, ಟಿ1 ಆದರೆ 100 ಓಮ್. 75 ಓಮ್‌ನ ಬಿಎನ್‌ಸಿ ಕೇಬಲ್ 50 ಓಮ್‌ನ ಪೋರ್ಟ್‌ಗೆ ಸಲೀಸಾಗಿ ಹೊಕ್ಕುತ್ತದೆ, ಒಂದು ಮಾತೂ ಆಡುವುದಿಲ್ಲ, ಸಂಕೇತ ಮಾತ್ರ ಗೋಡೆಗೆ ಎಸೆದ ಚೆಂಡಿನಂತೆ ಭಾಗಶಃ ಮರಳಿ ಬರುತ್ತದೆ.

ನನ್ನದೇ ಪೆದ್ದುತನ ಹೇಳಿಬಿಡುತ್ತೇನೆ. ಒಮ್ಮೆ ಟಿಒಡಿ ಕೇಬಲ್ ಅನ್ನು ಪಕ್ಕದ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಸಿಕ್ಕಿಸಿ, ಬೆಳಗಿನವರೆಗೆ ಕಾನ್ಫಿಗರೇಷನ್‌ನಲ್ಲಿ ತಪ್ಪು ಹುಡುಕಿದ್ದೆ. ಅದರಿಂದ ಏನೂ ಸುಡಲಿಲ್ಲ, ನಾನೊಬ್ಬನೇ ಸುಟ್ಟುಕೊಂಡೆ. ಆದರೆ ಸುಡುವ ಪ್ರಸಂಗವೂ ಇದೆ. ಐಇಇಇ 802.3ಎಎಫ್ ಪ್ರಕಾರದ ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ) ಪೋರ್ಟ್ ಎದುರು ಬದಿಯಲ್ಲಿ ಸುಮಾರು 25 ಕಿಲೋಓಮ್‌ನ ಗುರುತು ಸಿಕ್ಕ ಮೇಲೆಯೇ ವಿದ್ಯುತ್ ಬಿಡುತ್ತದೆ, ಹಾಗಾಗಿ ಅದಕ್ಕೆ ತಪ್ಪಿ ಸಿಕ್ಕಿಸಿದರೂ ಸಾಮಾನ್ಯವಾಗಿ ಬದುಕುತ್ತೀರಿ. ಕ್ಯಾಮೆರಾಗಳ ಜೊತೆ ಬರುವ ‘ಪ್ಯಾಸಿವ್’ ಇಂಜೆಕ್ಟರ್‌ಗಳು ಏನನ್ನೂ ಕೇಳುವುದಿಲ್ಲ, 4-5 ಮತ್ತು 7-8ರ ಮೇಲೆ ಸೀದಾ ವೋಲ್ಟೇಜ್ ಸುರಿಯುತ್ತವೆ. ನ್ಯಾನೋ ಮೇಲೆ ಬರೆದ ಪಿನ್ ಪಟ್ಟಿಯನ್ನು ಇನ್ನೊಮ್ಮೆ ಓದಿ, ಟಿಒಡಿಯ ಗತಿ ಏನಾಗುತ್ತದೆಂದು ತಿಳಿಯುತ್ತದೆ.

ಹೊಸಬ

ಓದಿದೆ. ನಮ್ಮ ರ‍್ಯಾಕ್‌ನಲ್ಲಿ ಅಂಥ ಎರಡು ಇಂಜೆಕ್ಟರ್‌ಗಳಿವೆ. ನಾಳೆಯೇ ಚೀಟಿ ಅಂಟಿಸುತ್ತೇನೆ.

ಗಂಟೆಮುಳ್ಳು

ಪಿನ್ ಪಟ್ಟಿ ನ್ಯಾನೋ ಹೇಳಿದಂತೆಯೇ ಇತ್ತು. ಎರಡನೆಯ ಸ್ವಿಚ್‌ಗೆ ಆರ್‌ಜೆ-45ರಿಂದಲೇ 1ಪಿಪಿಎಸ್ ಕೊಟ್ಟೆ, ಫೈಬರ್‌ನಲ್ಲಿ ಸಿಂಕ್ರನಸ್ ಈಥರ್ನೆಟ್. ಹತ್ತು ನಿಮಿಷದಲ್ಲಿ ಆವರ್ತನವೂ ಫೇಸ್ ಕೂಡ ಲಾಕ್.

ಹಿಗ್ಗುವಷ್ಟರಲ್ಲಿ ಹೊಸ ಭೂತ. ಎರಡು ಸ್ವಿಚ್‌ಗಳ ಪಿಟಿಪಿ ಸಮಯ ಹೋಲಿಸಿದರೆ ಎರಡನೆಯದು ಸರಿಯಾಗಿ 18 ಸೆಕೆಂಡ್ ಮುಂದಿದೆ. ಮೈಕ್ರೋಸೆಕೆಂಡ್ ಬೆನ್ನು ಹತ್ತಿದವನಿಗೆ 18 ಸೆಕೆಂಡ್!

ನ್ಯಾನೋ

18 ಎಂದ ಕೂಡಲೇ ಕಾರಣ ಗೊತ್ತಾಯಿತು. ಜಿಪಿಎಸ್ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. 1980ರಲ್ಲಿ ಎರಡೂ ಒಂದೇ ಆಗಿದ್ದವು, ಆಮೇಲೆ ಭೂಮಿಯ ಸುತ್ತಿಗೆ ಹೊಂದಿಸಲು ಯುಟಿಸಿಗೆ ಸೇರಿಸಿದ ಲೀಪ್ ಸೆಕೆಂಡ್‌ಗಳನ್ನು ಜಿಪಿಎಸ್ ಸೇರಿಸಿಕೊಳ್ಳಲಿಲ್ಲ. ಕೊನೆಯದನ್ನು ಸೇರಿಸಿದ್ದು 2016ರ ಡಿಸೆಂಬರ್ 31ರಂದು. ನಿಮ್ಮ ರಿಸೀವರ್ ಜಿಪಿಎಸ್ ಸಮಯ ಕಳಿಸುತ್ತಿದೆ, ಎರಡನೆಯ ಸ್ವಿಚ್ ಅದನ್ನು ಯುಟಿಸಿ ಎಂದು ನಂಬಿದೆ.

ಪಿಟಿಪಿ ಒಳಗೊಳಗೆ ಎಣಿಸುವುದು ಟಿಎಐ ಸಮಯವನ್ನು, ಅಂದರೆ ಲೀಪ್ ಸೆಕೆಂಡ್ ಇಲ್ಲದ ಪರಮಾಣು ಸಮಯವನ್ನು. ಅದು ಜಿಪಿಎಸ್‌ಗಿಂತ ಯಾವಾಗಲೂ 19 ಸೆಕೆಂಡ್ ಮುಂದೆ, ಯುಟಿಸಿಗಿಂತ ಈಗ 37 ಮುಂದೆ. ಹಾಗಾಗಿ ತಪ್ಪು 18 ಇದ್ದರೆ ಜಿಪಿಎಸ್ ಮತ್ತು ಯುಟಿಸಿ ಅದಲುಬದಲು, 19 ಇದ್ದರೆ ಜಿಪಿಎಸ್ ಸಮಯವನ್ನು ಟಿಎಐ ಎಂದುಕೊಂಡದ್ದು, 37 ಇದ್ದರೆ ಯುಟಿಸಿಯನ್ನು ಟಿಎಐ ಎಂದುಕೊಂಡದ್ದು.

ಮೌನಿ

ಸರಿಯಾಗಿ 1 ಸೆಕೆಂಡ್ ತಪ್ಪಿದ್ದರೆ ಇನ್ನೊಂದು ಕಾರಣ. ಸಂದೇಶ ಹೇಳುವುದು ಈಗಷ್ಟೇ ಹೋದ ಪಲ್ಸ್‌ನ ಸಮಯವೋ, ಮುಂದೆ ಬರುವ ಪಲ್ಸ್‌ನದೋ ಎಂಬುದರಲ್ಲಿ ಎರಡು ಉಪಕರಣಗಳ ನಡುವೆ ಒಪ್ಪಂದವಾಗಿರುವುದಿಲ್ಲ.

ಗಂಟೆಮುಳ್ಳು

ಹೌದು, ಮೊದಲ ಸ್ವಿಚ್‌ನಲ್ಲಿ ಜಿಪಿಎಸ್ ಎಂದು ಬರೆದಿದ್ದ ಸಾಲು ಎರಡನೆಯದಕ್ಕೆ ನಕಲು ಮಾಡುವಾಗ ಬಿಟ್ಟುಹೋಗಿತ್ತು. ಸರಿಪಡಿಸಿದೆ.

ಎರಡೂ ಸ್ವಿಚ್‌ಗಳ 1ಪಿಪಿಎಸ್ ಔಟ್‌ಪುಟ್‌ಗಳನ್ನು ಸಮನಾದ ಎರಡು ತುಂಡು ಕೇಬಲ್‌ಗಳಲ್ಲಿ ಆಸಿಲೋಸ್ಕೋಪ್‌ಗೆ ತಂದೆ. ಸುಮಾರು 300 ನ್ಯಾನೋಸೆಕೆಂಡ್ ಅಂತರ ಕಾಣುತ್ತಿದೆ. ಮೊದಲನೆಯದು 30 ಮೀಟರ್ ಕೋಆಕ್ಸಿಯಲ್‌ನಲ್ಲಿ, ಅದಕ್ಕೆ ಕೇಬಲ್ ವಿಳಂಬ 150 ಎಂದು ಹಾಕಿದ್ದೇನೆ. ಎರಡನೆಯದು ರಿಸೀವರ್‌ನ ಪಕ್ಕದಲ್ಲೇ, 2 ಮೀಟರ್ ಕೇಬಲ್.

ತಾಮ್ರತಂತಿ

ಒಳಗೆ ಘನ ಪಾಲಿಎಥಿಲೀನ್ ನಿರೋಧಕವಿರುವ ಕೇಬಲ್‌ನಲ್ಲಿ ಮೀಟರ್‌ಗೆ 5 ನ್ಯಾನೋಸೆಕೆಂಡ್, ಆದ್ದರಿಂದ 150 ಸರಿಯಾದ ಅಂಕಿ. ಆದರೆ ತಪ್ಪು ಅದರ ಇಮ್ಮಡಿ ಬಂದಿದೆ ನೋಡಿ. ಚಿಹ್ನೆ ತಿರುಗಿಸಿ. ನಿಮ್ಮ ಸ್ವಿಚ್ ‘ಇಷ್ಟು ತಡವಾಗಿದೆ’ ಎಂದು ಕೇಳುವುದಿಲ್ಲ, ‘ಇಷ್ಟು ಸೇರಿಸಲೇ’ ಎಂದು ಕೇಳುತ್ತಿದೆ ಎಂದು ಕಾಣುತ್ತದೆ. ಕಳೆಯಬೇಕಾದ ಕಡೆ ಕೂಡಿದ್ದೀರಿ. ತಯಾರಕರು ಒಬ್ಬೊಬ್ಬರು ಒಂದೊಂದು ಥರ ಇಟ್ಟಿರುತ್ತಾರೆ, ಅಳೆದೇ ನೋಡಬೇಕು.

ಆ್ಯಂಟೆನಾ ಕೇಬಲ್‌ನ ವಿಳಂಬ ಬೇರೆ, ಅದನ್ನು ರಿಸೀವರ್‌ನಲ್ಲಿ ಕೊಡಬೇಕು, ಸ್ವಿಚ್‌ನಲ್ಲಲ್ಲ. ಎರಡೂ ಕಡೆ ಕೊಟ್ಟು ಎರಡು ಸಲ ಕಳೆದವರನ್ನು ಕಂಡಿದ್ದೇನೆ. ಹಾಗೆಯೇ ಆ ಕೇಬಲ್ ಕಟ್ಟಡದೊಳಗೆ ಬರುವ ಜಾಗದಲ್ಲಿ ಸಿಡಿಲು ತಡೆ ಇದೆಯೇ, ಅದರ ಭೂಸಂಪರ್ಕ ಗಟ್ಟಿಯಾಗಿದೆಯೇ ನೋಡಿ. ಸ್ವಿಚ್‌ನ ಚೌಕಟ್ಟಿಗೂ ಮೊದಲು ಅರ್ಥಿಂಗ್, ಆಮೇಲೆ ಉಳಿದ ಕೇಬಲ್.

ಗಂಟೆಮುಳ್ಳು

ಚಿಹ್ನೆ ತಿರುಗಿಸಿದೆ. ಈಗ ಅಂತರ 10 ನ್ಯಾನೋಸೆಕೆಂಡ್ ಆಸುಪಾಸಿನಲ್ಲಿದೆ, ಅದು ಆ 2 ಮೀಟರ್ ಕೇಬಲ್‌ನದ್ದೇ ಇರಬೇಕು. ರಿಸೀವರ್‌ನ ಅಲಾರ್ಮ್ ರಿಲೇಯಿಂದ ಎರಡು ತಂತಿ ಎಳೆದು ಸ್ವಿಚ್‌ನ ಅಲಾರ್ಮ್ ಇನ್‌ಪುಟ್‌ಗೂ ಕೊಟ್ಟಿದ್ದೇನೆ. ಬರಿಯ ಸಂಪರ್ಕ, ವೋಲ್ಟೇಜ್ ಇಲ್ಲ. ಉಪಗ್ರಹ ತಪ್ಪಿದರೆ ಇನ್ನು ಮುಂದೆ ದೀಪ ನೋಡಿ ತಿಳಿಯಬೇಕಾಗಿಲ್ಲ. ಎರಡೂ ಟಿ ಕನೆಕ್ಟರ್‌ಗಳಿಗೆ ಕೆಂಪು ಟೇಪ್ ಸುತ್ತಿ ಡ್ರಾಯರ್‌ಗೆ ಹಾಕಿದ್ದೇನೆ.

ಕೀಲಿಕೈ

ಡ್ರಾಯರ್‌ನಲ್ಲಿದ್ದರೆ ಮುಂದಿನ ಸ್ವಿಚ್ ಬಂದ ದಿನ ಯಾರೋ ಒಬ್ಬರು ಟೇಪ್ ಬಿಚ್ಚಿ ಹಾಕಿಯೇ ಹಾಕುತ್ತಾರೆ. ಮನೆಗೆ ತೆಗೆದುಕೊಂಡು ಹೋಗಿ.